ಕನ್ನಡಿಯ ಮುಂದಿನ ಕುರ್ಚಿ: ಅಪ್ಪ ಇರುವಾಗ ತಲೆ ಬೋಳಿಸಬಹುದೆ?

(ಹುಬ್ಬಳ್ಳಿಯ ದುರ್ಗದಬೈಲಿನ ಬಳಿ ಕ್ಷೌರದಂಗಡಿ ನಡೆಸುವ ನಮ್ಮ ಅಂಕಣಕಾರರು ಓದುಗರ ಪತ್ರಗಳಿಗೆ ಉತ್ತರಿಸುತ್ತಾರೆ. ಕೋರಿಕೆಯ ಮೇರೆಗೆ ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.)

ಪ್ರಶ್ನೆ: ನನಗೆ ಇಪ್ಪತ್ತನಾಲ್ಕು ವರ್ಷ. ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಬೀಜದ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಬೀಜೋತ್ಪಾದನೆ ಮಾಡುವ ರೈತರ ಹೊಲಗಳಿಗೆ ದಿನವೂ ಬೈಕಿನಲ್ಲಿ ಹೋಗಿ ಬರಬೇಕು. ಕಾಲೇಜಿನಲ್ಲಿದ್ದಾಗಲೇ ಹಣೆಯ ಎರಡೂ ಮೂಲೆಗಳಲ್ಲಿ ಕೂದಲು ಹಿಂದೆ ಸರಿಯಿತು, ಈಗ ನೆತ್ತಿಯೂ ಬಯಲಾಗಿದೆ. ಎಡಗಡೆಯ ಕೂದಲನ್ನು ಉದ್ದ ಬಿಟ್ಟು, ನೆತ್ತಿಯ ಮೇಲೆ ಹಾಯಿಸಿ, ಜೆಲ್ ಹಚ್ಚಿ ಕೂರಿಸುತ್ತೇನೆ. ಹೆಲ್ಮೆಟ್ ತೆಗೆದ ಕೂಡಲೇ ಕೈ ತಲೆಗೆ ಹೋಗುತ್ತದೆ. ಹೊಲದಲ್ಲಿ ಗಾಳಿ ಬೀಸಿತೆಂದರೆ ರೈತರು ಹೇಳುವುದು ಕಿವಿಗೆ ಬೀಳುವುದಿಲ್ಲ, ಚಿತ್ತವೆಲ್ಲ ಕೂದಲ ಮೇಲೆ. ಈರುಳ್ಳಿ ರಸ ಆಯಿತು, ಬಗೆಬಗೆಯ ಎಣ್ಣೆಗಳಾದವು. ಬೋರ್‌ವೆಲ್ ನೀರು ಕಾರಣ ಎಂದು ಕೆಲವರು, ಹೆಲ್ಮೆಟ್ ಕಾರಣ ಎಂದು ಕೆಲವರು. ಪೂರ್ತಿ ಬೋಳಿಸಿಬಿಡೋಣ ಅನಿಸುತ್ತದೆ. ಅವ್ವ ಮಾತ್ರ, "ಅಪ್ಪ ಗಟ್ಟಿಮುಟ್ಟಾಗಿರುವಾಗ ಮಗ ತಲೆ ಬೋಳಿಸಿಕೊಂಡು ಹೊಸ್ತಿಲು ದಾಟಬಾರದು" ಎಂದು ಕಣ್ಣೀರು ಹಾಕುತ್ತಾಳೆ. ಕನ್ಯೆ ನೋಡುವ ಮಾತುಕತೆಯೂ ಶುರುವಾಗಿದೆ. ಮದುವೆ ಮುಗಿಯುವ ತನಕ ಹೇರ್ ಪ್ಯಾಚ್ ಹಾಕಿಸಿಕೋ ಎಂದು ಕಾಕಾ ಹೇಳುತ್ತಾರೆ. ನಾನು ಏನು ಮಾಡಲಿ?

ಉತ್ತರ: ತಮ್ಮಾ, ಬೋಳಿಸಿಕೊಳ್ಳಬಹುದು. ನಾನೂ ನಿನ್ನ ವಯಸ್ಸಿನ ಆಸುಪಾಸಿನಲ್ಲಿಯೇ ಬೋಳಿಸಿಕೊಂಡವನು, ಇಂದಿಗೂ ಹಾಗೆಯೇ ಇದ್ದೇನೆ. ಆದರೆ ತಲೆಗೆ ಕತ್ತಿ ತಾಗುವ ಮೊದಲು ಎರಡು ಕಡೆ ಹೋಗಿ ಬಾ. ಒಮ್ಮೆ ಚರ್ಮರೋಗ ವೈದ್ಯರ ಬಳಿಗೆ, ಇನ್ನೊಮ್ಮೆ ನಿನ್ನ ಅವ್ವನ ಬಳಿಗೆ.

ವೈದ್ಯರ ಸಂಗತಿ ಮೊದಲು ಮುಗಿಸುತ್ತೇನೆ. ಹಣೆಯ ಮೂಲೆಗಳು ಸರಿದು, ನೆತ್ತಿ ಬಯಲಾಗಿ, ಕಿವಿಗಳ ಮೇಲೆ ಮತ್ತು ಹಿಂದಲೆಯಲ್ಲಿ ಮಾತ್ರ ಕೂದಲು ದಟ್ಟವಾಗಿ ಉಳಿದಿದ್ದರೆ ಅದು ಬಹುತೇಕ ಗಂಡಸರಿಗೆ ವಂಶದಿಂದ ಬರುವ ಬೋಳು. ದೇಹದಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿನ ಒಂದಂಶ ಡಿಎಚ್‌ಟಿ ಎಂಬ ಇನ್ನೊಂದು ಹಾರ್ಮೋನಾಗಿ ಮಾರ್ಪಡುತ್ತದೆ. ಕೆಲವರ ನೆತ್ತಿಯ ಕೂದಲಿನ ಬುಡಗಳಿಗೆ ಇದನ್ನು ತಾಳಿಕೊಳ್ಳುವ ಶಕ್ತಿ ಹುಟ್ಟಿನಿಂದಲೇ ಕಡಿಮೆ. ಅಂಥ ಬುಡದಿಂದ ಕೂದಲು ಪ್ರತಿ ಸಲ ಉದುರಿ ಹುಟ್ಟುವಾಗಲೂ ಎಳೆ ಇನ್ನಷ್ಟು ತೆಳುವಾಗಿ, ಗಿಡ್ಡವಾಗಿ ಹುಟ್ಟುತ್ತದೆ. ಕೊನೆಗೆ ಕಣ್ಣಿಗೆ ಕಾಣದ ನವಿರು ಮಾತ್ರ ಉಳಿಯುತ್ತದೆ. ಹಿಂದಲೆಯ ಬುಡಗಳಿಗೆ ಈ ತೊಂದರೆಯಿಲ್ಲ. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡ ಗಂಡಸರಿಗೆ ಈ ಬಗೆಯ ಬೋಳು ಬರುವುದಿಲ್ಲವೆಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಎಂಬ ವಿಜ್ಞಾನಿ 1942ರಲ್ಲಿ ತೋರಿಸಿದರು. ಹಾರ್ಮೋನಿನ ಪಾತ್ರ ಹೀಗೆ ಸ್ಪಷ್ಟವಾಯಿತು. ಸೋದರಮಾವನನ್ನು ನೋಡಿ ಅಳಿಯನ ತಲೆಯ ಭವಿಷ್ಯ ಹೇಳುವ ರೂಢಿ ನಮ್ಮಲ್ಲಿದೆ. ಅದರಲ್ಲಿ ಸ್ವಲ್ಪ ನಿಜವಿದೆ, ಏಕೆಂದರೆ ಇದಕ್ಕೆ ಸಂಬಂಧಪಟ್ಟ ಮುಖ್ಯ ಜೀನ್ ಒಂದು ತಾಯಿಯಿಂದ ಬರುತ್ತದೆ. ಆದರೆ ಇನ್ನೂ ಹಲವು ಜೀನುಗಳು ಎರಡೂ ಕಡೆಯಿಂದ ಬರುತ್ತವೆ. ಹಾಗಾಗಿ ಯಾರನ್ನೂ ದೂರುವಂತಿಲ್ಲ.

ಬೋರ್‌ವೆಲ್ಲಿನ ಗಡಸು ನೀರಿನಿಂದ ಕೂದಲು ಒರಟಾಗಬಹುದು, ನಡುವೆ ತುಂಡಾಗಬಹುದು. ಬುಡ ಸಣ್ಣದಾಗುವುದಿಲ್ಲ. ಹೆಲ್ಮೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ದಯವಿಟ್ಟು ಹೆಲ್ಮೆಟ್ ಬಿಡಬೇಡ. ಕೂದಲು ಉಳಿಸಲು ಹೋಗಿ ತಲೆಯನ್ನೇ ಒಡೆದುಕೊಂಡವರನ್ನು ಪುಣೆ-ಬೆಂಗಳೂರು ಹೆದ್ದಾರಿಯ ಬದಿಯಲ್ಲಿ ನೋಡಿದ್ದೇನೆ.

ಹಾಗಿದ್ದರೆ ವೈದ್ಯರೇಕೆ ಎಂದರೆ, ಉದುರುವ ಎಲ್ಲ ತಲೆಗಳೂ ಒಂದೇ ಕಾರಣಕ್ಕೆ ಉದುರುವುದಿಲ್ಲ. ಥೈರಾಯ್ಡ್ ತೊಂದರೆ, ಕಬ್ಬಿಣಾಂಶದ ಕೊರತೆ, ಹುಳುಕಡ್ಡಿಯಂಥ ಸೋಂಕು ಇವೆಲ್ಲ ಔಷಧಕ್ಕೆ ಬಗ್ಗುತ್ತವೆ. ಇವನ್ನು ಬಿಟ್ಟು ಬರೀ ಬೋಳಿಸಿ ಕುಳಿತರೆ ರೋಗ ಒಳಗೇ ಉಳಿಯುತ್ತದೆ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗಿನ ಜಿಮ್ಸ್ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ, ಹೋಗಿ ತೋರಿಸು. ನಿನ್ನದು ವಂಶದ ಬೋಳೇ ಎಂದು ಅವರು ಹೇಳಿದರೂ ಔಷಧಗಳಿವೆ. ಮಿನಾಕ್ಸಿಡಿಲ್ ಮೂಲತಃ ರಕ್ತದೊತ್ತಡದ ಮಾತ್ರೆ. ನುಂಗಿದವರ ಮೈಮೇಲೆ ಕೂದಲು ಹೆಚ್ಚಾದದ್ದನ್ನು ಕಂಡು ತಲೆಗೆ ಹಚ್ಚುವ ಔಷಧ ಮಾಡಿದರು, 1988ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಫಿನಾಸ್ಟೆರೈಡ್ ಮಾತ್ರೆಗೆ 1997ರಲ್ಲಿ ಸಿಕ್ಕಿತು. ಎರಡೂ ಉಳಿದ ಕೂದಲನ್ನು ಹಿಡಿದಿಡಲು ಹೆಚ್ಚು ಉಪಯೋಗ, ಬಯಲಾದ ನೆತ್ತಿಗೆ ಕಡಿಮೆ. ಬಿಟ್ಟರೆ ಕೆಲವು ತಿಂಗಳುಗಳಲ್ಲಿ ಫಲವೂ ಹೋಗುತ್ತದೆ. ಫಿನಾಸ್ಟೆರೈಡಿನಿಂದ ಕೆಲವರಿಗೆ ಲೈಂಗಿಕ ಆಸಕ್ತಿ ಕುಂದುತ್ತದೆ, ಮನಸ್ಸು ಮಂಕಾಗುವುದೂ ಉಂಟು. ವೈದ್ಯರ ಚೀಟಿಯಿಲ್ಲದೆ ಮುಟ್ಟಬೇಡ. ಔಷಧ ಹಿಡಿಯುವುದೂ ಬಿಡುವುದೂ ನಿನ್ನ ಇಷ್ಟ. ಬೋಳಿಸಿದವನು ಔಷಧ ಮಾಡಬಾರದೆಂಬ ಕಟ್ಟುಪಾಡೇನೂ ಇಲ್ಲ.

ಕೂದಲು ಕಸಿಯ ಬಗ್ಗೆ ನೀನು ಕೇಳಿಲ್ಲ, ನಾಳೆ ಯಾರಾದರೂ ಹೇಳಿಯೇ ಹೇಳುತ್ತಾರೆ, ಅದಕ್ಕೆ ಈಗಲೇ ಬರೆಯುತ್ತೇನೆ. ಹಿಂದಲೆಯ ಬುಡಗಳನ್ನು ಕಿತ್ತು ಮುಂದೆ ನೆಡುವುದೇ ಕಸಿ. ಹೊಸ ಕೂದಲು ಹುಟ್ಟುವುದಿಲ್ಲ, ಇದ್ದದ್ದೇ ಜಾಗ ಬದಲಿಸುತ್ತದೆ. ನಿನ್ನ ವಯಸ್ಸಿನಲ್ಲಿ ಬೋಳು ಎಲ್ಲಿಗೆ ಬಂದು ನಿಲ್ಲುತ್ತದೆಂದು ಗೊತ್ತಾಗಿರುವುದಿಲ್ಲ. ಮುಂದೆ ನೆಟ್ಟ ಕೂದಲು ಉಳಿದು, ಅದರ ಹಿಂದಿನದು ಉದುರುತ್ತ ಹೋದರೆ ಮತ್ತೆ ಮತ್ತೆ ನೆಡಿಸಬೇಕಾಗುತ್ತದೆ. ಕುರ್ಚಿಯ ಹಿಂದೆ ನಿಂತವನಿಗೆ ಕಾಣುವ ಇನ್ನೊಂದು ಸಂಗತಿಯಿದೆ. ಚರ್ಮದ ಪಟ್ಟಿ ತೆಗೆದು ಕಸಿ ಮಾಡಿಸಿಕೊಂಡವರ ಹಿಂದಲೆಯಲ್ಲಿ ಕಿವಿಯಿಂದ ಕಿವಿಯ ಕಡೆಗೆ ಗಾಯದ ಗೆರೆ ಉಳಿಯುತ್ತದೆ. ಒಂದೊಂದೇ ಬುಡ ಕಿತ್ತಿದ್ದರೆ ಬಿಳಿ ಚುಕ್ಕೆಗಳು ಉಳಿಯುತ್ತವೆ. ಕೂದಲಿರುವ ತನಕ ಅವು ಮುಚ್ಚಿರುತ್ತವೆ. ಮುಂದೊಂದು ದಿನ ಬೇಡವೆಂದು ಬೋಳಿಸಲು ಬಂದಾಗ ಅವರ ಮುಖ ಕನ್ನಡಿಯಲ್ಲಿ ನೋಡಲಾಗುವುದಿಲ್ಲ. ಮೊದಲು ಬೋಳಿಸಿ ನೋಡಿ ಆಮೇಲೆ ಕಸಿಗೆ ಹೋಗಬಹುದು. ಕಸಿ ಮಾಡಿಸಿ ಆಮೇಲೆ ಬೋಳಿಸುವುದು ಅಷ್ಟು ಸುಲಭವಲ್ಲ.

ಇನ್ನು ಅವ್ವ. ಅವಳ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡ.

ರೋಣದಲ್ಲಿ ನಮ್ಮ ಅಪ್ಪನ ಅಂಗಡಿಯಿತ್ತು. ಮನೆಯ ಯಜಮಾನ ತೀರಿಕೊಂಡಾಗ ಮಗ ತಲೆ ಬೋಳಿಸಬೇಕೆಂಬ ಪದ್ಧತಿ ಎಲ್ಲ ಮನೆತನಗಳಲ್ಲಿ ಇಲ್ಲ, ಇರುವ ಮನೆಯವರು ಅಪ್ಪನನ್ನು ಕರೆಯುತ್ತಿದ್ದರು. ಕತ್ತಿ, ಸಾಣೆಕಲ್ಲು, ಬಟ್ಟಲು ಇದ್ದ ಚೀಲವನ್ನು ಹೊತ್ತು ನಾನು ಹಿಂದೆ ಹೋಗುತ್ತಿದ್ದೆ. ಬಾವಿಯ ದಂಡೆಯಲ್ಲಿ ತಲೆ ಬಗ್ಗಿಸಿ ಕುಳಿತ ಮಗ, ಜಗಲಿಯ ಮೇಲೆ ಹೆಂಗಸರ ಅಳು, ಒದ್ದೆ ಕೂದಲು ನೆಲಕ್ಕೆ ಬೀಳುವುದು. ಊರಿನ ತಾಯಂದಿರೆಲ್ಲ ಇದನ್ನು ನೋಡಿಯೇ ದೊಡ್ಡವರಾದವರು. ನಿನ್ನ ಅವ್ವ ಹೆದರುತ್ತಿರುವುದು ನಿನ್ನ ರೂಪ ಕೆಡುತ್ತದೆಂದಲ್ಲ, ತನ್ನ ಕುಂಕುಮಕ್ಕೆ. ಆ ಭಯಕ್ಕೆ ಟೆಸ್ಟೋಸ್ಟೆರಾನಿನ ವಿವರಣೆ ಉತ್ತರವಾಗುವುದಿಲ್ಲ.

ಆದರೆ ಅಪ್ಪನ ಚೀಲದಲ್ಲಿದ್ದ ಅದೇ ಕತ್ತಿ ಮಕ್ಕಳ ಜವಳವನ್ನೂ ತೆಗೆಯುತ್ತಿತ್ತು. ಸೋದರಮಾವನ ತೊಡೆಯ ಮೇಲೆ ಕೂಸು ಚೀರುತ್ತಿರುತ್ತದೆ, ಸುತ್ತ ನೆಂಟರು ನಗುತ್ತಿರುತ್ತಾರೆ, ಕೂಸಿನ ಕೂದಲನ್ನು ಅತ್ತೆ ಸೆರಗಿನಲ್ಲಿ ಹಿಡಿಯುತ್ತಾಳೆ. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದ ಯುವಕರು ಊರ ತುಂಬ ಲಡ್ಡು ಹಂಚುತ್ತಾರೆ. ಅವರ ಅಪ್ಪಂದಿರೂ ಪಕ್ಕದಲ್ಲಿಯೇ ನಿಂತಿರುತ್ತಾರೆ, ಯಾವ ತಾಯಿಯೂ ಅಳುವುದಿಲ್ಲ. ನಿಮ್ಮ ತಾಲ್ಲೂಕಿನಲ್ಲಿಯೇ ದೇವರಗುಡ್ಡದ ಮಾಲತೇಶನಿದ್ದಾನೆ. ನಿನ್ನ ಜವಳ ಎಲ್ಲಿ ತೆಗೆದರು, ಯಾರ ತೊಡೆಯ ಮೇಲೆ ಕೂರಿಸಿದ್ದರು ಎಂದು ಅವ್ವನನ್ನು ಕೇಳು. ಅವಳು ಹೇಳುತ್ತ ಹೋಗಲಿ. ಬೋಳುತಲೆಯ ಮಗನನ್ನು ಅವಳು ಒಮ್ಮೆ ಸಂತೋಷದಿಂದ ಎತ್ತಿಕೊಂಡಿದ್ದಾಳೆ, ಆ ನೆನಪು ಅವಳ ಬಾಯಿಂದಲೇ ಬರಬೇಕು. ಹರಕೆಯ ನೆಪ ಹೂಡಿ ಬೋಳಿಸಿಕೋ ಎಂದು ನಾನು ಹೇಳುವುದಿಲ್ಲ. ನಿಜವಾಗಿ ಭಕ್ತಿಯಿದ್ದರೆ ಮುಡಿ ಕೊಡು. ಇಲ್ಲದಿದ್ದರೆ ದೇವರನ್ನು ಸುಳ್ಳಿಗೆ ಎಳೆಯಬೇಡ. ಅಲ್ಲದೆ ಮುಡಿಯೆಂದರೆ ಮತ್ತೆ ಬೆಳೆಸುತ್ತೀ ಎಂದು ಅವಳು ಕಾಯುತ್ತಾಳೆ.

ನನ್ನ ತಲೆಗೆ ಮೊದಲ ಕತ್ತಿ ಹಿಡಿದವರು ನಮ್ಮ ಅಪ್ಪನೇ. ನಮ್ಮ ಅವ್ವ ಬಾಗಿಲಲ್ಲಿ ನಿಂತು ಬೇಡವೆಂದಳು. ಅಪ್ಪ ನೊರೆ ಹಚ್ಚುತ್ತಲೇ, "ಬೋಳಿಸುತ್ತಿರುವವನು ನಾನು. ನಾನಿದ್ದೇನೆ, ಕಣ್ಣು ತುಂಬ ನೋಡು" ಎಂದರು. ಅವ್ವ ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಟ್ಟಲು ತಂದಳು. ಅದಕ್ಕೇ ನಿನಗೆ ಹೇಳುತ್ತೇನೆ: ನಿನ್ನ ಅಪ್ಪನನ್ನು ಜೊತೆಗೆ ಕರೆದುಕೊಂಡು ಕ್ಷೌರದಂಗಡಿಗೆ ಹೋಗು. ಅವರು ಪಕ್ಕದ ಕುರ್ಚಿಯಲ್ಲಿ ದಾಡಿ ಮಾಡಿಸಿಕೊಳ್ಳಲಿ. ಇಬ್ಬರೂ ಒಟ್ಟಿಗೆ ಮನೆಗೆ ಬನ್ನಿ, ಅಪ್ಪ ಮುಂದೆ, ನೀನು ಹಿಂದೆ. ಅವಳು ಮೊದಲು ನೋಡಬೇಕಾದದ್ದು ಗಂಡನ ಮುಖ. ಅಮಾವಾಸ್ಯೆ, ಮಂಗಳವಾರ ಬಿಟ್ಟು ದಿನ ಆರಿಸು. ಈ ಒಂದು ವಿಷಯದಲ್ಲಿ ಅವಳ ಮಾತು ನಡೆದರೆ ಅವಳ ಎದೆ ಅಷ್ಟು ಹಗುರಾಗುತ್ತದೆ. ಮಂಗಳವಾರ ಹೇಗೂ ನನ್ನ ಅಂಗಡಿಯೂ ಮುಚ್ಚಿರುತ್ತದೆ.

ಒಂದೇ ಏಟಿಗೆ ಪೂರ್ತಿ ಬೋಳಿಸುವುದಕ್ಕಿಂತ ಮೊದಲು ಒಂದನೆಯ ನಂಬರಿನ ಮಷಿನ್ ಹೊಡೆಸು. ಸುಮಾರು ಮೂರು ಮಿಲಿಮೀಟರ್ ಕೂದಲು ಉಳಿಯುತ್ತದೆ. ಬಯಲಾದ ಜಾಗಕ್ಕೂ ಕೂದಲಿರುವ ಜಾಗಕ್ಕೂ ಅಂತರ ಆಗಲೇ ಅರ್ಧ ಕಡಿಮೆಯಾಗಿ ಕಾಣುತ್ತದೆ. ಕೆಲವು ವಾರ ಹಾಗೆ ತಿರುಗಾಡು. ಮನೆಯವರ ಕಣ್ಣೂ ಹೊಂದಿಕೊಳ್ಳಲಿ, ನಿನ್ನ ಕೈಯೂ ತಲೆಗೆ ಹೋಗುವುದನ್ನು ಮರೆಯಲಿ. ತಲೆಯ ಆಕಾರ, ಹಳೆಯ ಗಾಯದ ಗುರುತು, ಮಚ್ಚೆ ಎಲ್ಲಿವೆ ಎಂಬುದೂ ಆಗ ತಿಳಿಯುತ್ತದೆ. ಆಮೇಲೆ ಬ್ಲೇಡು. ಬಿಸಿನೀರಿನಿಂದ ಚೆನ್ನಾಗಿ ನೆನೆಸಿ, ಕೂದಲು ಬೆಳೆದ ದಿಕ್ಕಿನಲ್ಲಿಯೇ ಎಳೆಯಬೇಕು. ಎದುರು ದಿಕ್ಕಿಗೆ ಎಳೆದರೆ ನುಣುಪಾಗಿ ಕಾಣುತ್ತದೆ, ಮೂರನೆಯ ದಿನ ಕುತ್ತಿಗೆಯ ಮೇಲೆ ಗುಳ್ಳೆಗಳೇಳುತ್ತವೆ. ಸುಳಿಯ ಹತ್ತಿರ ಎಚ್ಚರ ಬೇಕು, ಅಲ್ಲಿ ಕೂದಲು ಸುತ್ತಿ ಬೆಳೆಯುವುದರಿಂದ ಬ್ಲೇಡೂ ಸುತ್ತಿ ಬರಬೇಕು. ಎರಡು ಸುಳಿಯಿದ್ದವನಿಗೆ ಎರಡು ಮದುವೆ ಎನ್ನುತ್ತಾರಲ್ಲ, ನಮ್ಮ ಲೆಕ್ಕದಲ್ಲಿ ಅವನ ತಲೆಗೆ ಎರಡರಷ್ಟು ಹೊತ್ತು ಬೇಕು. ಎಲ್ಲಿಯೇ ಹೋದರೂ ಬ್ಲೇಡನ್ನು ನಿನ್ನ ಕಣ್ಣೆದುರಿಗೆ ಹೊಸದಾಗಿ ಬಿಚ್ಚಲು ಹೇಳು. ಕಾಮಾಲೆಯ ಬಿ ಮತ್ತು ಸಿ ವೈರಸ್‌ಗಳು, ಎಚ್‌ಐವಿ ಒಬ್ಬರ ರಕ್ತ ಹತ್ತಿದ ಬ್ಲೇಡಿನಿಂದ ಇನ್ನೊಬ್ಬರಿಗೆ ಬರಬಹುದು. ಹೊಸ ಬ್ಲೇಡು ಕೇಳಿದ್ದಕ್ಕೆ ಮುಖ ಸಿಂಡರಿಸುವ ಅಂಗಡಿಗೆ ಮತ್ತೆ ಹೋಗಬೇಡ.

ಮೊದಲ ಸಲ ಬೋಳಿಸಿದಾಗ ನೆತ್ತಿ ಮುಖಕ್ಕಿಂತ ಬೆಳ್ಳಗೆ ಕಾಣುತ್ತದೆ, ಕೆಲವು ವಾರಗಳಲ್ಲಿ ಬಣ್ಣ ಹೊಂದುತ್ತದೆ. ಹೊಲದಲ್ಲಿ ಕೆಲಸ ಮಾಡುವ ನೀನು ಬಿಸಿಲಿಗೆ ಬರಿದಲೆಯಲ್ಲಿ ನಿಲ್ಲಬೇಡ. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಪಟಗವೋ ಗಾಂಧಿ ಟೋಪಿಯೋ ಇಲ್ಲದೆ ಗಂಡಸರು ಹೊರಗೆ ಬೀಳುತ್ತಿರಲಿಲ್ಲ. ಯಾರ ತಲೆಯಲ್ಲಿ ಎಷ್ಟು ಕೂದಲಿದೆ ಎಂದು ಸಂತೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನೀನೂ ಹತ್ತಿಯ ಟೋಪಿ ಹಾಕು, ಟೋಪಿಯಿಲ್ಲದಾಗ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚು, ಬಿಸಿಲಿನಲ್ಲಿಯೇ ಇರುವುದಾದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚು. ಬಿಸಿಲಿಗಾಗಿ ಹಾಕುವ ಟೋಪಿಯನ್ನು ನೆರಳಿಗೆ ಬಂದಾಗ ತೆಗೆ. ಅದನ್ನು ತೆಗೆಯಲು ಮನಸ್ಸು ಬಾರದ ದಿನ ಮತ್ತೆ ಮುಚ್ಚಿಡುವುದಕ್ಕೆ ಶುರುಮಾಡಿದ್ದೀ ಎಂದು ತಿಳಿ.

ಕಾಕಾ ಹೇಳಿದ ಪ್ಯಾಚ್ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ಕೂದಲು ಬೇಕೆಂದು ಇಷ್ಟಪಟ್ಟು ವರ್ಷಗಟ್ಟಲೆ ಹಾಕುವವರಿದ್ದಾರೆ, ಅವರನ್ನು ನಾನು ಆಡಿಕೊಳ್ಳುವುದಿಲ್ಲ. ಹೆಣ್ಣಿನ ಮನೆಯವರಿಗೆ ತೋರಿಸಲೆಂದು ಹಾಕಿಕೊಂಡು ಮದುವೆಯ ಮರುದಿನ ತೆಗೆಯುವುದು ಆ ಹುಡುಗಿಗೆ ಮಾಡುವ ಮೋಸ. ಬಯೋಡೇಟಾದಲ್ಲಿ ಬೋಳುತಲೆಯ ಫೋಟೊವನ್ನೇ ಹಾಕು, ಒಳ್ಳೆಯ ಅಂಗಿ ಹಾಕಿ, ಬೆಳಕಿಗೆ ಮುಖ ಮಾಡಿ ತೆಗೆಸು. ಬೇಡವೆನ್ನುವವರು ಫೋಟೊ ನೋಡಿಯೇ ಬೇಡವೆನ್ನಲಿ. ಅವಲಕ್ಕಿ ತಿಂದು, ಚಹಾ ಕುಡಿದು, ಮಾತುಕತೆ ಮುಗಿದ ಮೇಲೆ ಗೊತ್ತಾಗುವುದಕ್ಕಿಂತ ಅದು ಇಬ್ಬರಿಗೂ ಮೇಲು. ಒಪ್ಪಿ ಬಂದವಳು ನಿನ್ನನ್ನು ನೋಡಿಯೇ ಒಪ್ಪಿರುತ್ತಾಳೆ. ಮದುವೆ ಗೊತ್ತಾದರೆ ನೆನಪಿಡು: ಅರಿಶಿನ ಹಚ್ಚುವ ದಿನ ಬೆಳಿಗ್ಗೆ ಬ್ಲೇಡು ಮುಟ್ಟಿಸಬೇಡ, ಉರಿಯುತ್ತದೆ, ಬಣ್ಣವೂ ಹಿಡಿಯುತ್ತದೆ. ಹಿಂದಿನ ದಿನವೇ ಮುಗಿಸು. ಪೇಟದ ಒಳಗೆ ತೆಳು ಹತ್ತಿ ಬಟ್ಟೆ ಸುತ್ತಿಕೊಂಡರೆ ಬಾಸಿಂಗ ಬಿಗಿಯಾಗಿ ನಿಲ್ಲುತ್ತದೆ.

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ನಮ್ಮದು ನೇಕಾರಿಕೆಯ ಮನೆ. ಮಗನಿಗೆ ಹತ್ತೊಂಬತ್ತು. ಬೇಸಿಗೆಯಲ್ಲಿ ಟೈಫಾಯ್ಡ್ ಬಂದು ಮಲಗಿದ್ದ. ಈಗ ಬಾಚಣಿಗೆ ಇಟ್ಟರೆ ಸಾಕು, ಕೈತುಂಬ ಕೂದಲು ಬರುತ್ತದೆ. ಒಂದು ಸಲ ನುಣ್ಣಗೆ ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎಂದು ಓಣಿಯವರು ಹೇಳುತ್ತಾರೆ. ಮಗ ಒಪ್ಪುತ್ತಿಲ್ಲ. ಬಲವಂತವಾಗಿ ಬೋಳಿಸಲೇ?

ಉತ್ತರ: ಬೇಡ ಅಕ್ಕಾ. ಅವನು ಒಪ್ಪದ ತಲೆಗೆ ಕತ್ತಿ ಹಿಡಿಯಲು ನಾನಂತೂ ಒಪ್ಪುವುದಿಲ್ಲ.

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಆರೋಗ್ಯವಂತರಿಗೂ ದಿನಕ್ಕೆ ಐವತ್ತರಿಂದ ನೂರು ಉದುರುತ್ತವೆ. ಟೈಫಾಯ್ಡ್, ಡೆಂಗಿಯಂಥ ಜ್ವರ ಬಂದಾಗ ಬೆಳೆಯುತ್ತಿದ್ದ ಬಹಳಷ್ಟು ಕೂದಲು ಒಮ್ಮೆಗೇ ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತವೆ. ಎರಡು ಮೂರು ತಿಂಗಳ ನಂತರ ಒಟ್ಟಿಗೆ ಉದುರುತ್ತವೆ. ಜ್ವರ ಮರೆತುಹೋದ ಮೇಲೆ ಕೂದಲು ಹೋಗುವುದರಿಂದ ಜನರಿಗೆ ಎರಡಕ್ಕೂ ಸಂಬಂಧ ತೋಚುವುದಿಲ್ಲ. ಬುಡ ಸತ್ತಿರುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ನಿಂತು ಮತ್ತೆ ಬರುತ್ತದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಮೊದಲಿನಂತೆ ಕಾಣಲು ಇನ್ನಷ್ಟು ಕಾಲ ಹಿಡಿಯುತ್ತದೆ. ಅವನಿಗೆ ಬೇಳೆ, ಕಾಳು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಹಸಿರು ಸೊಪ್ಪು ಚೆನ್ನಾಗಿ ಕೊಡಿ. ಆರು ತಿಂಗಳು ದಾಟಿಯೂ ನಿಲ್ಲದಿದ್ದರೆ, ಅಥವಾ ಹಣೆಯ ಮೂಲೆಗಳಲ್ಲಿ ಮಾತ್ರ ಸರಿಯುತ್ತಿದ್ದರೆ ವೈದ್ಯರಿಗೆ ತೋರಿಸಿ.

ಬೋಳಿಸಿದರೆ ದಟ್ಟವಾಗುತ್ತದೆ ಎಂಬುದನ್ನು ನಮ್ಮ ಕಸುಬಿನವರೂ ಹೇಳುತ್ತ ಬಂದಿದ್ದಾರೆ. ನನಗೆ ಅದರಿಂದ ಬೇಸರವಿದೆ. ಬ್ಲೇಡು ಚರ್ಮದ ಮೇಲಿನ ಎಳೆಯನ್ನು ಮಾತ್ರ ಕತ್ತರಿಸುತ್ತದೆ, ಬುಡ ಒಳಗಿರುತ್ತದೆ. ತಾನಾಗಿ ಬೆಳೆದ ಕೂದಲಿನ ತುದಿ ಸಪೂರ; ಕತ್ತರಿಸಿದ ಕೂದಲಿನ ತುದಿ ಮೊಂಡು, ಕೈಗೆ ಒರಟು. ಅದನ್ನೇ ಜನ ದಟ್ಟ ಎಂದುಕೊಳ್ಳುತ್ತಾರೆ. ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಎಂಬ ವಿಜ್ಞಾನಿ 1928ರಲ್ಲಿಯೇ ಇದನ್ನು ಪರೀಕ್ಷಿಸಿ, ಕ್ಷೌರದಿಂದ ಕೂದಲು ದಪ್ಪವೂ ಆಗುವುದಿಲ್ಲ, ಬೇಗ ಬೆಳೆಯುವುದೂ ಇಲ್ಲ ಎಂದು ಪ್ರಕಟಿಸಿದ್ದಾರೆ. ಬೋಳಿಸುವುದರಿಂದ ಒಂದೇ ಲಾಭ: ದಿನವೂ ಉದುರುವುದನ್ನು ನೋಡುವ ಸಂಕಟ ತಪ್ಪುತ್ತದೆ. ಅದು ಬೇಕೆಂದು ಅವನಿಗೇ ಅನಿಸಿದರೆ ಕರೆತನ್ನಿ.

ಇನ್ನೊಂದು ಮಾತನ್ನು ಮೆಲ್ಲಗೆ ಕೇಳಿ ನೋಡಿ. ಜಿಮ್ಮಿಗೆ ಹೋಗುತ್ತಾನೆಯೇ? ಮೈ ಬೆಳೆಸಲು ಇಂಜೆಕ್ಷನ್ ತೆಗೆದುಕೊಳ್ಳುವ ಹುಡುಗರು ನನ್ನ ಕುರ್ಚಿಗೂ ಬರುತ್ತಾರೆ. ಆ ಸ್ಟಿರಾಯ್ಡುಗಳು ವಂಶದಲ್ಲಿ ಬೋಳು ಇರುವವರ ಕೂದಲನ್ನು ಬೇಗ ಉದುರಿಸುತ್ತವೆ. ಹೃದಯಕ್ಕೂ ಯಕೃತ್ತಿಗೂ ಆಗುವ ಹಾನಿಯ ಮುಂದೆ ಕೂದಲಿನದು ಸಣ್ಣದು.

ಪ್ರಶ್ನೆ: ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ನಾನು ಹುಡುಗಿ, ಇಪ್ಪತ್ತೆರಡು ವರ್ಷ. ತಲೆಯಲ್ಲಿ ನಾಣ್ಯದಷ್ಟು ಅಗಲದ ಬೋಳು ಕಾಣಿಸಿಕೊಂಡು, ಹಲವು ಕಡೆ ಹರಡಿತು. ಇದು ಅಲೋಪೇಶಿಯಾ ಏರಿಯೇಟಾ ಎಂದು ವೈದ್ಯರು ಹೇಳಿ ಚಿಕಿತ್ಸೆ ಕೊಡುತ್ತಿದ್ದಾರೆ. ಉಳಿದದ್ದನ್ನು ಬೋಳಿಸಿಬಿಡಬೇಕೆಂದಿದ್ದೇನೆ. ಆದರೆ ಹೆಣ್ಣುಮಗಳು ಕ್ಷೌರದಂಗಡಿಯಲ್ಲಿ ಕೂರುವುದು ಹೇಗೆ? ಅಮ್ಮ, ಅಂದರೆ ನನ್ನ ಅಜ್ಜಿ, ನನ್ನ ಮುಖ ನೋಡಿದರೆ ಸಾಕು ಅಳುತ್ತಾಳೆ.

ಉತ್ತರ: ತಂಗಿ, ನಿನ್ನ ಪತ್ರ ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನಿನ್ನ ಅಜ್ಜಿ ಯಾಕೆ ಅಳುತ್ತಾಳೆಂದು ನಿನಗೆ ಗೊತ್ತಿರಲಿ. ಗಂಡ ಸತ್ತ ಹೆಂಗಸರ ತಲೆ ಬೋಳಿಸುವ ಕ್ರೌರ್ಯ ಕೆಲವು ಸಮುದಾಯಗಳಲ್ಲಿ ಇತ್ತು. ಅವಳು ಚಿಕ್ಕವಳಿದ್ದಾಗ ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದ ಅಂಥ ಮುದುಕಿಯರನ್ನು ನೋಡಿರಬಹುದು. ಅವರನ್ನು ಯಾರೂ ಕೇಳಿ ಬೋಳಿಸಲಿಲ್ಲ. ಆ ಕೆಲಸಕ್ಕೆ ಕತ್ತಿ ಹಿಡಿದವರು ನಮ್ಮ ಕಸುಬಿನ ಹಿರಿಯರೇ ಎಂಬುದು ನನ್ನನ್ನು ಇಂದಿಗೂ ಚುಚ್ಚುತ್ತದೆ. ನಿನ್ನ ತಲೆಯ ನಿರ್ಧಾರ ನಿನ್ನದು, ಕೇಳುತ್ತಿರುವವಳು ನೀನು. ಈ ಒಂದು ವ್ಯತ್ಯಾಸವನ್ನು ಅಜ್ಜಿಗೆ ನೀನೇ, ಅವಳ ಕೈ ಹಿಡಿದು ಹೇಳು.

ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತಪ್ಪಿ ಕೂದಲಿನ ಬುಡಗಳ ಮೇಲೆಯೇ ದಾಳಿ ಮಾಡುತ್ತದೆ. ಮುಟ್ಟಿದರೆ ಅಂಟುವುದಿಲ್ಲ, ಹಲ್ಲಿ ನೆಕ್ಕಿದ್ದರಿಂದ ಬರುವುದೂ ಇಲ್ಲ. ಬುಡ ಜೀವಂತವಿರುವುದರಿಂದ ಅನೇಕರಲ್ಲಿ ಮತ್ತೆ ಹುಟ್ಟುತ್ತದೆ. ಬಂದದ್ದು ಮತ್ತೆ ಹೋಗುವುದೂ ಉಂಟು. ತೀವ್ರವಾದ ಸ್ಥಿತಿಗೆ ಬ್ಯಾರಿಸಿಟಿನಿಬ್ ಎಂಬ ಮಾತ್ರೆಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಬೇಕೇ ಬೇಡವೇ ಎಂದು ನಿನ್ನ ವೈದ್ಯರೇ ಹೇಳಬೇಕು. ಬೋಳಿಸುವುದರಿಂದ ಚಿಕಿತ್ಸೆಗೆ ಅಡ್ಡಿಯಿಲ್ಲ. ಹೊಸ ನವಿರು ಮೊದಲು ಬೆಳ್ಳಗೆ ಹುಟ್ಟಬಹುದು, ಹೆದರಬೇಡ.

ಅಂಗಡಿಯ ವಿಷಯ. ಹೆಣ್ಣುಮಕ್ಕಳಿಗೆಂದೇ ಇರುವ ಬ್ಯೂಟಿ ಪಾರ್ಲರುಗಳಲ್ಲಿ ಮಷಿನ್ ಇರುತ್ತದೆ, ಮೊದಲೇ ಫೋನ್ ಮಾಡಿ ಕೇಳು. ನನ್ನಲ್ಲಿಗೆ ನಿನ್ನಂಥವರು ಬಂದಾಗ ರಾತ್ರಿ ಗಿರಾಕಿಗಳೆಲ್ಲ ಹೋದ ಮೇಲೆ ಬರಲು ಹೇಳುತ್ತೇನೆ. ಅಕ್ಕನೋ ಗೆಳತಿಯೋ ಜೊತೆಗಿರಬೇಕು, ಪರದೆ ಎಳೆದಿರುತ್ತದೆ, ನನ್ನ ಹೆಂಡತಿಯೂ ಅಲ್ಲಿಯೇ ಇರುತ್ತಾಳೆ. ಮನೆಯಲ್ಲಿಯೇ ಮಾಡಿಕೊಳ್ಳುವುದಾದರೆ ಟ್ರಿಮ್ಮರ್ ಸಾಕು, ಚಿಕಿತ್ಸೆಯಲ್ಲಿರುವ ಚರ್ಮಕ್ಕೆ ಬ್ಲೇಡು ತಾಗಿಸಬೇಡ. ಕೂದಲು ಕುರ್ಚಿಯ ಕೆಳಗೆ ಬೀಳುವುದನ್ನು ನೋಡಬೇಕೆನಿಸದಿದ್ದರೆ ಕನ್ನಡಿಗೆ ಬೆನ್ನು ಮಾಡಿ ಕೂರು. ಯಾರೂ ತಪ್ಪು ತಿಳಿಯುವುದಿಲ್ಲ.

ಪರೀಕ್ಷೆಯ ಅರ್ಜಿಗೆ ಈಗಿನ ರೂಪದ ಫೋಟೊವನ್ನೇ ಕೊಡು. ಗುರುತಿನ ಚೀಟಿಯಲ್ಲಿ ಹಳೆಯ ಫೋಟೊ ಇದ್ದರೆ ವೈದ್ಯರ ಪ್ರಮಾಣಪತ್ರವೊಂದನ್ನು ಚೀಲದಲ್ಲಿಟ್ಟುಕೋ. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಮಾತು ಬೆಳೆಸದೆ ಅದನ್ನು ತೋರಿಸಿ ಒಳಗೆ ಹೋಗಬಹುದು. ನೀನು ಓದಿದ್ದು ಆ ಗಲಾಟೆಯಲ್ಲಿ ಮರೆತುಹೋಗಬಾರದು.

ಪ್ರಶ್ನೆ: ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ. ಕೂದಲು ಹೋದದ್ದಕ್ಕೆ ಮೂವತ್ತರೊಳಗೇ ಬೋಳಿಸಲು ಶುರುಮಾಡಿದೆ, ನನಗೆ ಒಪ್ಪಿತವಾಗಿದೆ. ಆದರೆ ಬೋಳಿಸಿದ ದಿನ ಮೆಣಸಿನಕಾಯಿ ಚೀಲ ಹೊತ್ತರೆ ತಲೆ ಬೆಂಕಿಯಂತೆ ಉರಿಯುತ್ತದೆ. ಏನಾದರೂ ಉಪಾಯ ಹೇಳಿ.

ಉತ್ತರ: ಅಣ್ಣಾ, ಬ್ಲೇಡು ಹಾಯ್ದ ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರುಗಳಿರುತ್ತವೆ, ಖಾರದ ಪುಡಿ ಅವುಗಳೊಳಗೆ ಇಳಿಯುತ್ತದೆ. ಮಾರುಕಟ್ಟೆಗೆ ರಜೆಯಿರುವ ದಿನದ ಹಿಂದಿನ ಸಂಜೆ ಬೋಳಿಸಿಕೊಳ್ಳಿ. ಒಂದು ರಾತ್ರಿ, ಒಂದು ಹಗಲು ಸಿಕ್ಕರೆ ಚರ್ಮ ಸುಧಾರಿಸುತ್ತದೆ. ಹಂಗಾಮಿನ ತಿಂಗಳುಗಳಲ್ಲಿ ಬ್ಲೇಡು ಬಿಟ್ಟು ಝೀರೋ ಮಷಿನ್ ಹೊಡೆಸಿ. ಕ್ಷೌರವಾದ ಕೂಡಲೇ ಪಟಿಕ ಉಜ್ಜಿ ತಣ್ಣೀರಿನಿಂದ ತೊಳೆಯಿರಿ, ಆಮೇಲೆ ತೆಳುವಾಗಿ ಕೊಬ್ಬರಿ ಎಣ್ಣೆ. ಚೀಲ ಹೊರುವಾಗ ತಲೆಗೆ ಸುತ್ತುವ ಬಟ್ಟೆ ದಿನವೂ ಒಗೆದದ್ದಾಗಿರಲಿ, ನಿನ್ನೆಯ ಖಾರವೂ ಅದರಲ್ಲಿಯೇ ಕುಳಿತಿರುತ್ತದೆ. ಉರಿ ಹತ್ತಿದಾಗ ಬರೀ ನೀರು ಸುರಿದರೆ ಖಾರ ಹೋಗುವುದಿಲ್ಲ, ಅದು ಎಣ್ಣೆಯಲ್ಲಿ ಕರಗುವಂಥದ್ದು. ಮೊದಲು ಎಣ್ಣೆ ಸವರಿ ಒರೆಸಿ, ನಂತರ ಸೋಪು ಹಚ್ಚಿ ತೊಳೆಯಿರಿ. ಆ ಕೈಯಿಂದ ಕಣ್ಣು ಮುಟ್ಟಿಕೊಳ್ಳಬೇಡಿ.